ಬಾಯಿಪಾಠದ ನಿಯಮ, ಕಡತದ ನಿಯಮ

(ಸಂಘದ ವಾರ್ಷಿಕ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಪೈಲಟ್ ಆಗುವುದು ಹೇಗೆ ಎಂಬ ವಿಷಯದ ಮೇಲೆ ಮಾತನಾಡಬೇಕೆಂದು ಸಂಘದ ಕಾರ್ಯದರ್ಶಿಗಳು ನನ್ನನ್ನು ಕೇಳಿದ್ದರು. ಯಾವ ಕೋರ್ಸು, ಎಷ್ಟು ಖರ್ಚು, ಎಲ್ಲಿ ಸೇರಬೇಕು ಎಂಬ ಮಾಹಿತಿಯನ್ನು ಇಂದು ಯಾರು ಬೇಕಾದರೂ ಕೊಡುತ್ತಾರೆ. ಆದರೆ ಸೇರಿದ ಮೇಲೆ ಮೊದಲ ತಿಂಗಳಲ್ಲೇ ಎದುರಾಗುವ, ಯಾರೂ ಮೊದಲೇ ಹೇಳದ ಒಂದು ಕಷ್ಟವಿದೆ. ಅದು ಕಾಗದದ ಕಷ್ಟ. ವಿಮಾನಯಾನದ ಕಾಯ್ದೆ, ನಿಯಮ, ಸುತ್ತೋಲೆ, ನಕಾಶೆ, ಕೈಪಿಡಿ ಎಂದು ನೂರಾರು ಪುಟಗಳು ಮೇಜಿನ ಮೇಲೆ ಬಂದು ಬೀಳುತ್ತವೆ. ಅವನ್ನು ಜೋಡಿಸಿಟ್ಟುಕೊಳ್ಳುವುದನ್ನು ಕಲಿತವನು ಪರೀಕ್ಷೆಯನ್ನೂ ಗೆಲ್ಲುತ್ತಾನೆ, ವೃತ್ತಿಯಲ್ಲೂ ಉಳಿಯುತ್ತಾನೆ. ಇಂದು ನಾನು ಈ ಒಂದೇ ವಿಷಯವನ್ನು ಹೇಳುತ್ತೇನೆ. ತರಬೇತಿಯ ದಿನಗಳಲ್ಲಿ ನಾನು ರೂಢಿಸಿಕೊಂಡ, ಈಗ ಕಿರಿಯರಿಗೆ ಗ್ರೌಂಡ್ ಕ್ಲಾಸಿನಲ್ಲಿ ಹೇಳಿಕೊಡುತ್ತಿರುವ ಕ್ರಮವಿದು.

ನಮ್ಮ ದೇಶದಲ್ಲಿ ವಾಣಿಜ್ಯ ಪೈಲಟ್ ಪರವಾನಗಿ ಪಡೆಯಲು ಕನಿಷ್ಠ 18 ವರ್ಷ ವಯಸ್ಸಾಗಿರಬೇಕು, 200 ಗಂಟೆಗಳ ಹಾರಾಟ ಪೂರೈಸಿರಬೇಕು. ಜೊತೆಗೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿ.ಜಿ.ಸಿ.ಎ. ನಡೆಸುವ ಲಿಖಿತ ಪರೀಕ್ಷೆಗಳಲ್ಲಿ ತೇರ್ಗಡೆಯಾಗಬೇಕು. ಅವುಗಳಲ್ಲಿ ಒಂದು ವಿಷಯ ಏರ್ ರೆಗ್ಯುಲೇಶನ್ಸ್, ಅಂದರೆ ವಾಯುಯಾನ ನಿಯಮಗಳು. ತೇರ್ಗಡೆಗೆ ನೂರಕ್ಕೆ 70 ಅಂಕ ಬೇಕು. ಶಾಲೆಯಲ್ಲಿ 35 ಬಂದರೆ ಪಾಸು ಎಂಬ ಲೆಕ್ಕದಲ್ಲಿ ಬೆಳೆದ ನಮಗೆ ಇದು ದೊಡ್ಡ ಜಿಗಿತವೇ ಸರಿ.

ನಮ್ಮ ಹುಡುಗರು ಸಾಮಾನ್ಯವಾಗಿ ಇದಕ್ಕೆ ಏನು ಮಾಡುತ್ತಾರೆ? ಮಾರುಕಟ್ಟೆಯಲ್ಲಿ ಸಿಗುವ ಒಂದು ಪ್ರಶ್ನೆ ಸಂಗ್ರಹವನ್ನು, ಅಥವಾ ಹಿರಿಯ ವಿದ್ಯಾರ್ಥಿ ಕೊಟ್ಟ ಹಳೆಯ ಜೆರಾಕ್ಸ್ ಕಟ್ಟನ್ನು ಹಿಡಿದು ಬಾಯಿಪಾಠ ಮಾಡುತ್ತಾರೆ. ಆ ಕಟ್ಟಿನ ಮೇಲೆ ತಾರೀಕು ಇರುವುದಿಲ್ಲ. ಅದು ಯಾವ ವರ್ಷದ್ದು, ನಂತರ ನಿಯಮ ಬದಲಾಗಿದೆಯೇ ಎಂಬುದು ಓದುವವನಿಗೂ ಗೊತ್ತಿಲ್ಲ, ಕೊಟ್ಟವನಿಗೂ ಗೊತ್ತಿಲ್ಲ. ಹತ್ತು ವರ್ಷದ ಹಿಂದಿನ ಪಹಣಿ ಹಿಡಿದುಕೊಂಡು ಬ್ಯಾಂಕಿಗೆ ಸಾಲ ಕೇಳಲು ಹೋದರೆ ಮ್ಯಾನೇಜರರು ಏನು ಹೇಳುತ್ತಾರೆ? ‘ಹೊಸ ಪಹಣಿ ತನ್ನಿ’ ಎನ್ನುತ್ತಾರೆ. ಜಮೀನು ಅದೇ, ಊರು ಅದೇ, ಆದರೆ ಕಾಗದ ಹಳೆಯದು. ವಿಮಾನಯಾನದ ನಿಯಮವೂ ಹಾಗೆಯೇ.

ಹಾಗಾದರೆ ಬಾಯಿಪಾಠವೇ ಬೇಡವೇ? ಬೇಕು. ಆದರೆ ಯಾವುದಕ್ಕೆ ಬಾಯಿಪಾಠ, ಯಾವುದಕ್ಕೆ ಕಡತ ಎಂಬ ವಿಂಗಡಣೆ ಮೊದಲು ಆಗಬೇಕು. ಇದೇ ನನ್ನ ಮಾತಿನ ಮುಖ್ಯ ಅಂಶ.

ಮೊದಲನೆಯದು ಬಾಯಿಪಾಠದ ನಿಯಮಗಳು. ಆಕಾಶದಲ್ಲಿ ಪುಸ್ತಕ ತೆರೆದು ನೋಡಲು ಸಮಯವಿಲ್ಲದಾಗ ಬೇಕಾಗುವಂಥವು ಇವು. ಎರಡು ವಿಮಾನಗಳು ಎದುರುಬದುರಾಗಿ ಬಂದರೆ ಎರಡೂ ಬಲಕ್ಕೆ ತಿರುಗಬೇಕು. ಅಡ್ಡಹಾದಿಯಲ್ಲಿ ಸಮೀಪಿಸುವಾಗ, ಯಾರ ಬಲಗಡೆ ಇನ್ನೊಂದು ವಿಮಾನವಿದೆಯೋ ಅವರು ದಾರಿ ಬಿಡಬೇಕು. ಮುಂದಿನ ವಿಮಾನವನ್ನು ಹಿಂದಿಕ್ಕುವವರು ಬಲಕ್ಕೆ ಸರಿದು ಹೋಗಬೇಕು. ರೇಡಿಯೋ ಕೆಟ್ಟಾಗ ನಿಯಂತ್ರಣ ಗೋಪುರದಿಂದ ದೀಪದ ಸಂಜ್ಞೆ ಬರುತ್ತದೆ. ಹಾರುತ್ತಿರುವ ವಿಮಾನಕ್ಕೆ ಸ್ಥಿರ ಹಸಿರು ಕಂಡರೆ ಇಳಿಯಬಹುದು ಎಂದರ್ಥ. ಸ್ಥಿರ ಕೆಂಪು ಕಂಡರೆ ಬೇರೆ ವಿಮಾನಕ್ಕೆ ದಾರಿ ಬಿಟ್ಟು ಸುತ್ತು ಹಾಕುತ್ತಿರಬೇಕು. ಮಿನುಗುವ ಕೆಂಪು ಕಂಡರೆ ನಿಲ್ದಾಣ ಸುರಕ್ಷಿತವಲ್ಲ, ಇಳಿಯಬಾರದು. ಟ್ರಾನ್ಸ್‌ಪಾಂಡರ್‌ನಲ್ಲಿ 7500 ಎಂದರೆ ಅಪಹರಣ, 7600 ಎಂದರೆ ರೇಡಿಯೋ ವೈಫಲ್ಯ, 7700 ಎಂದರೆ ತುರ್ತು ಪರಿಸ್ಥಿತಿ. ತುರ್ತು ಕರೆಯ ತರಂಗಾಂತರ 121.5 ಮೆಗಾಹರ್ಟ್ಸ್. ಇವು ಹೆಚ್ಚು ಬದಲಾಗುವಂಥವಲ್ಲ, ಜಗತ್ತಿನ ಬಹುತೇಕ ಕಡೆ ಒಂದೇ ರೀತಿ ಇರುವಂಥವು. ಇವನ್ನು ಸಣ್ಣ ಚೀಟಿಗಳಲ್ಲಿ ಬರೆಯಿರಿ. ಮುಂಭಾಗದಲ್ಲಿ ಪ್ರಶ್ನೆ, ಹಿಂಭಾಗದಲ್ಲಿ ಉತ್ತರ ಮತ್ತು ಅದು ಎಲ್ಲಿಂದ ಬಂತೆಂಬ ಗುರುತು. ಬಸ್ಸಿನಲ್ಲಿ ಹೋಗುವಾಗ, ಊಟಕ್ಕೆ ಕಾಯುವಾಗ ಅವನ್ನು ತಿರುವಿ ಹಾಕುತ್ತಿರಿ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಉತ್ತರ ಬರಬೇಕು.

ಎರಡನೆಯದು ಕಡತದ ನಿಯಮಗಳು. ವಿಶ್ರಾಂತಿಯ ಗಂಟೆಗಳು, ವೈದ್ಯಕೀಯ ಪ್ರಮಾಣಪತ್ರದ ಅವಧಿ, ಪರವಾನಗಿಗೆ ಬೇಕಾದ ಅನುಭವ, ಒಂದು ನಿಲ್ದಾಣದ ರನ್‌ವೇ ವಿವರ ಮುಂತಾದವು. ಇವು ಬದಲಾಗುತ್ತಿರುತ್ತವೆ. ಇವುಗಳ ವಿಷಯದಲ್ಲಿ ನೆನಪನ್ನು ನಂಬಬಾರದು. ‘ನನಗೆ ಗೊತ್ತು’ ಎನ್ನುವುದಕ್ಕಿಂತ ‘ಎಲ್ಲಿದೆ ಎಂದು ಗೊತ್ತು, ನೋಡಿ ಹೇಳುತ್ತೇನೆ’ ಎನ್ನುವುದೇ ಇಲ್ಲಿ ಸರಿಯಾದ ಉತ್ತರ.

ಒಂದು ಉದಾಹರಣೆ ಕೊಡುತ್ತೇನೆ. ವಿಮಾನ ಸಿಬ್ಬಂದಿಯ ಕೆಲಸದ ಅವಧಿ ಮತ್ತು ವಿಶ್ರಾಂತಿಯ ನಿಯಮವನ್ನು ಡಿ.ಜಿ.ಸಿ.ಎ. 2024ರ ಜನವರಿಯಲ್ಲಿ ಪರಿಷ್ಕರಿಸಿತು. ವಾರದ ವಿಶ್ರಾಂತಿ 36 ಗಂಟೆಯಿಂದ 48 ಗಂಟೆಗೆ ಏರಿತು. ಅದು 2024ರ ಜೂನ್ 1ರಿಂದ ಜಾರಿಗೆ ಬರಬೇಕಿತ್ತು, ಮುಂದೂಡಲಾಯಿತು. ಕೊನೆಗೆ 48 ಗಂಟೆಯ ವಿಶ್ರಾಂತಿ 2025ರ ಜುಲೈ 1ರಿಂದಲೂ, ರಾತ್ರಿ ಹಾರಾಟಕ್ಕೆ ಸಂಬಂಧಿಸಿದ ಬಿಗಿ ನಿಯಮಗಳು ನವೆಂಬರ್ 1ರಿಂದಲೂ ಜಾರಿಯಾದವು. ಆ ಡಿಸೆಂಬರ್‌ನಲ್ಲಿ ದೇಶದಾದ್ಯಂತ ಸಾವಿರಾರು ವಿಮಾನಗಳು ರದ್ದಾಗಿ ಪ್ರಯಾಣಿಕರು ಪರದಾಡಿದಾಗ ಕೆಲವು ತಾತ್ಕಾಲಿಕ ಸಡಿಲಿಕೆಗಳೂ ಬಂದವು. ಯೋಚಿಸಿ ನೋಡಿ. ಒಂದೇ ನಿಯಮ, ಅದರ ಪರಿಷ್ಕರಣೆ ಒಂದು ಕಾಗದ, ಮುಂದೂಡಿಕೆ ಇನ್ನೊಂದು, ಹಂತ ಹಂತದ ಜಾರಿ ಮತ್ತೊಂದು, ಸಡಿಲಿಕೆ ಮಗದೊಂದು. 2024ರ ಕಾಗದ ಮಾತ್ರ ಇಟ್ಟುಕೊಂಡವನು 48 ಗಂಟೆ ಯಾವಾಗಿನಿಂದ ಎಂಬುದನ್ನು ತಪ್ಪು ಹೇಳುತ್ತಾನೆ. ಆದ್ದರಿಂದ ಪ್ರತಿ ಕಾಗದದ ಮೇಲೂ ಎರಡು ತಾರೀಕು ಗುರುತು ಮಾಡಿ: ಹೊರಡಿಸಿದ ದಿನ ಮತ್ತು ಜಾರಿಗೆ ಬಂದ ದಿನ. ಇವೆರಡೂ ಒಂದೇ ಅಲ್ಲ.

ಇನ್ನು ಕಡತಗಳನ್ನು ಹೇಗೆ ಜೋಡಿಸಬೇಕು? ಮೇಲಿನಿಂದ ಕೆಳಕ್ಕೆ, ಅಧಿಕಾರದ ಕ್ರಮದಲ್ಲಿ. ಆರು ಕಡತಗಳು ಸಾಕು.

ಮೊದಲ ಕಡತ ಕಾಯ್ದೆ ಮತ್ತು ನಿಯಮಗಳದ್ದು. ಬಹಳ ಕಾಲ ನಮ್ಮ ದೇಶದಲ್ಲಿದ್ದುದು 1934ರ ವಿಮಾನ ಕಾಯ್ದೆ. ಅದರ ಬದಲಿಗೆ ಭಾರತೀಯ ವಾಯುಯಾನ ಅಧಿನಿಯಮ, 2024 ಬಂದಿದೆ. 2025ರ ಜನವರಿ 1ರಿಂದ ಜಾರಿಯಲ್ಲಿದೆ. ಹಳೆಯ ಕಾಯ್ದೆಯಡಿ ಮಾಡಿದ ನಿಯಮಗಳು, ಅವುಗಳ ಜಾಗಕ್ಕೆ ಹೊಸವು ಬರುವ ತನಕ ಮುಂದುವರಿಯುತ್ತವೆ. ಹಾಗಾಗಿ 1937ರ ವಿಮಾನ ನಿಯಮಗಳು ಎಂಬ ಹೆಸರು ನಿಮ್ಮ ಓದಿನಲ್ಲಿ ಮತ್ತೆ ಮತ್ತೆ ಬರುತ್ತದೆ. ಹಳೆಯ ಪುಸ್ತಕದಲ್ಲಿ 1934ರ ಕಾಯ್ದೆ ಎಂದು ಓದಿದರೆ ಅದರ ಪಕ್ಕದಲ್ಲಿ ಹೊಸ ಕಾಯ್ದೆಯ ಹೆಸರನ್ನು ಬರೆದುಕೊಳ್ಳಿ.

ಎರಡನೆಯ ಕಡತ ಸಿ.ಎ.ಆರ್., ಅಂದರೆ ಡಿ.ಜಿ.ಸಿ.ಎ. ಹೊರಡಿಸುವ ನಾಗರಿಕ ವಿಮಾನಯಾನ ಅಗತ್ಯತೆಗಳು. ಇವು ವಿಭಾಗ, ಶ್ರೇಣಿ, ಭಾಗ ಎಂಬ ಮೂರು ಮೆಟ್ಟಿಲುಗಳಲ್ಲಿವೆ. ವಿಳಾಸದಲ್ಲಿ ಜಿಲ್ಲೆ, ತಾಲೂಕು, ಗ್ರಾಮ ಇದ್ದಂತೆ. ಎಲ್ಲವನ್ನೂ ಮುದ್ರಿಸಬೇಡಿ. ದುಡ್ಡೂ ಹಾಳು, ಜಾಗವೂ ಹಾಳು. ಪೈಲಟ್ ವಿದ್ಯಾರ್ಥಿಗೆ ಹೆಚ್ಚು ಬೇಕಾಗುವುದು 7ನೇ ವಿಭಾಗ, ಅಂದರೆ ಸಿಬ್ಬಂದಿಯ ತರಬೇತಿ ಮತ್ತು ಪರವಾನಗಿ. 8ನೇ ವಿಭಾಗ, ಅಂದರೆ ವಿಮಾನದ ಕಾರ್ಯಾಚರಣೆ. 5ನೇ ವಿಭಾಗ, ಅಂದರೆ ಸುರಕ್ಷತೆ. ಮತ್ತು 9ನೇ ವಿಭಾಗ, ಅಂದರೆ ವಾಯುಪ್ರದೇಶ ಹಾಗೂ ಸಂಚಾರ ನಿರ್ವಹಣೆ. ಪ್ರತಿಯೊಂದರ ಮೊದಲ ಪುಟದಲ್ಲೇ ಎಷ್ಟನೆಯ ಆವೃತ್ತಿ, ಎಷ್ಟನೆಯ ಪರಿಷ್ಕರಣೆ, ಯಾವ ತಾರೀಕು ಎಂದು ಇರುತ್ತದೆ. ಅದನ್ನು ಓದದೆ ಎರಡನೆಯ ಪುಟಕ್ಕೆ ಹೋಗಬೇಡಿ.

ಮೂರನೆಯ ಕಡತ ಎ.ಐ.ಪಿ., ಅಂದರೆ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ ಪ್ರಕಟಿಸುವ ವೈಮಾನಿಕ ಮಾಹಿತಿ ಸಂಪುಟ. ಇದರಲ್ಲಿ ಸಾಮಾನ್ಯ ಮಾಹಿತಿ, ಹಾರಾಟದ ಮಾರ್ಗ, ವಿಮಾನ ನಿಲ್ದಾಣ ಎಂಬ ಮೂರು ಭಾಗಗಳಿವೆ. ಬೆಂಗಳೂರಿನ ಸಂಕೇತ ವಿ.ಓ.ಬಿ.ಎಲ್., ಮಂಗಳೂರಿನದು ವಿ.ಓ.ಎಂ.ಎಲ್. ನಿಮ್ಮ ತರಬೇತಿ ಕ್ಷೇತ್ರದ ಮತ್ತು ನೀವು ಹಾರಿಹೋಗುವ ನಿಲ್ದಾಣಗಳ ಪುಟಗಳಷ್ಟೇ ಸಾಕು. ಈ ಸಂಪುಟದ ಮುಖ್ಯ ಬದಲಾವಣೆಗಳು ಜಗತ್ತಿನಾದ್ಯಂತ 28 ದಿನಗಳ ಚಕ್ರದಲ್ಲಿ, ಗುರುವಾರಗಳಂದು ಜಾರಿಗೆ ಬರುತ್ತವೆ. ವರ್ಷಕ್ಕೆ ಹದಿಮೂರು ಬಾರಿ ಎಂದಾಯಿತು. ಗೋಡೆಯ ಕ್ಯಾಲೆಂಡರ್‌ನಲ್ಲಿ ಆ ಗುರುವಾರಗಳಿಗೆ ಸುತ್ತು ಹಾಕಿಡಿ. ಅಂದು ಅರ್ಧ ಗಂಟೆ ಕೂತು ಕಡತ ಪರಿಶೀಲಿಸಿದರೆ ತಿಂಗಳ ಕೆಲಸ ಮುಗಿಯಿತು. ಇದರ ನಡುವೆ ಬರುವ ತುರ್ತು ಸೂಚನೆಗಳಿಗೆ ನೋಟಾಮ್ ಎನ್ನುತ್ತಾರೆ. ಅವನ್ನು ಕಡತದಲ್ಲಿ ಕೂಡಿಡುವುದಲ್ಲ, ಪ್ರತಿ ಹಾರಾಟಕ್ಕೆ ಮುನ್ನ ಹೊಸದಾಗಿ ನೋಡುವುದು.

ನಾಲ್ಕನೆಯ ಕಡತ ಅಂತಾರಾಷ್ಟ್ರೀಯ ನಿಯಮಗಳದ್ದು. 1944ರಲ್ಲಿ ಶಿಕಾಗೊದಲ್ಲಿ ಆದ ಒಪ್ಪಂದದ ಆಧಾರದಲ್ಲಿ ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಕೆಲಸ ಮಾಡುತ್ತಿದೆ. ಅದರ ಕೇಂದ್ರ ಕೆನಡಾದ ಮಾಂಟ್ರಿಯಲ್‌ನಲ್ಲಿದೆ. ಒಪ್ಪಂದಕ್ಕೆ 19 ಅನುಬಂಧಗಳಿವೆ. 1ನೆಯದು ಪರವಾನಗಿ, 2ನೆಯದು ಹಾರಾಟದ ನಿಯಮ, 6ನೆಯದು ಕಾರ್ಯಾಚರಣೆ, 13ನೆಯದು ಅಪಘಾತ ತನಿಖೆ, 14ನೆಯದು ನಿಲ್ದಾಣಗಳು. ಪರೀಕ್ಷೆಗೆ ಅನುಬಂಧದ ಸಂಖ್ಯೆ ಮತ್ತು ವಿಷಯದ ಪಟ್ಟಿಯನ್ನು ಬಾಯಿಪಾಠದ ಚೀಟಿಗೆ ಸೇರಿಸಿ. ಇಲ್ಲಿ ಇಂಗ್ಲಿಷಿನ ಎರಡು ಸಣ್ಣ ಪದಗಳ ಬಗ್ಗೆ ಎಚ್ಚರ ಬೇಕು, ವಿಶೇಷವಾಗಿ ಕನ್ನಡ ಮತ್ತು ಉರ್ದು ಮಾಧ್ಯಮದಿಂದ ಬಂದವರಿಗೆ. ‘ಶಲ್’ ಎಂದಿದ್ದರೆ ಅದು ಕಡ್ಡಾಯ ಮಾನದಂಡ. ‘ಶುಡ್’ ಎಂದಿದ್ದರೆ ಅದು ಶಿಫಾರಸು. ಮಾಡಲೇಬೇಕು ಎನ್ನುವುದಕ್ಕೂ ಮಾಡಿದರೆ ಒಳ್ಳೆಯದು ಎನ್ನುವುದಕ್ಕೂ ಇರುವಷ್ಟೇ ಅಂತರ. ಇನ್ನೊಂದು ವಿಷಯ: ಯಾವುದೇ ದೇಶ ತನ್ನ ನಿಯಮ ಮಾನದಂಡಕ್ಕಿಂತ ಬೇರೆಯಾಗಿದ್ದರೆ ಅದನ್ನು ಸಂಸ್ಥೆಗೆ ತಿಳಿಸಬೇಕು. ಭಾರತದ ಅಂಥ ವ್ಯತ್ಯಾಸಗಳು ಎ.ಐ.ಪಿ.ಯ ಸಾಮಾನ್ಯ ಭಾಗದ 1.7ರಲ್ಲಿರುತ್ತವೆ. ಅನುಬಂಧ ಓದಿದವರು ಆ ಪುಟವನ್ನೂ ನೋಡಿದರೆ ಮಾತ್ರ ಓದು ಪೂರ್ತಿಯಾದಂತೆ.

ಐದನೆಯ ಕಡತ ನೀವು ಹಾರಿಸುವ ವಿಮಾನದ ಕೈಪಿಡಿ ಮತ್ತು ನಿಮ್ಮ ತರಬೇತಿ ಶಾಲೆಯ ಕ್ರಮಗಳದ್ದು. ಆರನೆಯದು ನಿಮ್ಮ ಸ್ವಂತದ್ದು: ಅಂಕಪಟ್ಟಿ, ವೈದ್ಯಕೀಯ ಪ್ರಮಾಣಪತ್ರ, ಪರವಾನಗಿಗಳು, ಹಾರಾಟದ ಲಾಗ್‌ಬುಕ್, ಶುಲ್ಕದ ರಸೀದಿಗಳು. ವಾಣಿಜ್ಯ ಪೈಲಟ್‌ಗೆ ಬೇಕಾದ ಮೊದಲ ದರ್ಜೆಯ ವೈದ್ಯಕೀಯ ಪ್ರಮಾಣಪತ್ರ 40 ವರ್ಷದೊಳಗಿನವರಿಗೆ 12 ತಿಂಗಳ ಅವಧಿಯದು. ಮುಗಿಯುವ ದಿನವನ್ನು ಕಡತದ ಮೇಲ್ಹೊದಿಕೆಯಲ್ಲೇ ದಪ್ಪಕ್ಷರದಲ್ಲಿ ಬರೆಯಿರಿ.

ಈ ಆರೂ ಕಡತಗಳಿಗೆ ಸೇರಿ ಒಂದು ರಿಜಿಸ್ಟರ್ ಇಡಿ. ಕಾಗದದ ಹೆಸರು, ಪರಿಷ್ಕರಣೆಯ ಸಂಖ್ಯೆ, ಜಾರಿಯ ದಿನ, ನೀವು ಕೊನೆಯ ಬಾರಿ ಪರಿಶೀಲಿಸಿದ ದಿನ ಎಂದು ನಾಲ್ಕು ಕಲಂ. ಹೊಸದು ಬಂದಾಗ ಹಳೆಯದರ ಮೇಲೆ ಕೆಂಪು ಶಾಯಿಯಲ್ಲಿ ‘ರದ್ದು’ ಎಂದು ಅಡ್ಡಗೆರೆ ಎಳೆದು ಬೇರೆ ಚೀಲಕ್ಕೆ ಹಾಕಿ. ಔಷಧಿ ಅಂಗಡಿಯವರು ಅವಧಿ ಮುಗಿದ ಮಾತ್ರೆಯನ್ನು ಅದೇ ಕಪಾಟಿನಲ್ಲಿ ಇಡುವುದಿಲ್ಲ ಅಲ್ಲವೇ? ಕಂಪ್ಯೂಟರ್‌ನಲ್ಲಿ ಇಡುವವರು ಕಡತದ ಹೆಸರಿನಲ್ಲೇ ತಾರೀಕು ಸೇರಿಸಿ. ‘ಹೊಸದು’, ‘ಕೊನೆಯದು’, ‘ಇದೇ ಕೊನೆಯದು’ ಎಂದೆಲ್ಲ ಹೆಸರಿಟ್ಟರೆ ಆರು ತಿಂಗಳ ನಂತರ ನಿಮಗೇ ತಿಳಿಯುವುದಿಲ್ಲ. ಮತ್ತು ಯಾವಾಗಲೂ ಮೂಲದಿಂದಲೇ, ಅಂದರೆ ಡಿ.ಜಿ.ಸಿ.ಎ. ಮತ್ತು ಪ್ರಾಧಿಕಾರದ ಅಧಿಕೃತ ತಾಣಗಳಿಂದಲೇ ಇಳಿಸಿಕೊಳ್ಳಿ. ಅಲ್ಲಿ ಅವು ಉಚಿತವಾಗಿ ಸಿಗುತ್ತವೆ.

ನಮ್ಮಲ್ಲಿ ಕೆಲವರು ತರಬೇತಿಗೆ ಅಮೆರಿಕಕ್ಕೋ ಬೇರೆ ದೇಶಕ್ಕೋ ಹೋಗುತ್ತಾರೆ. ಅಲ್ಲಿಯ ಪರವಾನಗಿ ಪಡೆದು ಬಂದ ಮೇಲೆ ಇಲ್ಲಿ ಅದನ್ನು ಪರಿವರ್ತಿಸಿಕೊಳ್ಳಬೇಕು, ಭಾರತದ ನಿಯಮಗಳ ಪರೀಕ್ಷೆ ಬರೆಯಬೇಕು. ಅಂಥವರು ಎರಡು ದೇಶಗಳ ಕಡತಗಳನ್ನು ಎರಡು ಬಣ್ಣದಲ್ಲಿ ಬೇರೆ ಬೇರೆ ಇಡಬೇಕು. ಅಮೆರಿಕದಲ್ಲಿ ಎತ್ತರಮಾಪಕದ ಒತ್ತಡ ಬದಲಿಸುವ ಮಟ್ಟ ಎಲ್ಲೆಡೆ 18,000 ಅಡಿ. ನಮ್ಮಲ್ಲಿ ಅದು ನಿಲ್ದಾಣದಿಂದ ನಿಲ್ದಾಣಕ್ಕೆ ಬೇರೆಯಾಗಬಹುದು. ಮದ್ಯ ಸೇವಿಸಿದ ಮೇಲೆ ಅಲ್ಲಿ 8 ಗಂಟೆ ಹಾರುವಂತಿಲ್ಲ. ಇಲ್ಲಿ 12 ಗಂಟೆ. ಈ ನಿಯಮ ನಮಗೆ ಸಂಬಂಧವಿಲ್ಲ ಎಂದು ನೀವು ನಗುತ್ತಿದ್ದೀರಿ. ಆದರೆ ಪರೀಕ್ಷೆಯಲ್ಲಿ ಸಂಖ್ಯೆ ಕೇಳುತ್ತಾರೆ. ಅಷ್ಟೇ ಅಲ್ಲ, 2023ರಲ್ಲಿ ತಿದ್ದುಪಡಿಯಾದ ನಿಯಮದಲ್ಲಿ ಮದ್ಯಸಾರವಿರುವ ಮೌತ್‌ವಾಶ್ ಬಳಸಬಾರದು ಎಂಬುದೂ ಸೇರಿದೆ. ಕುಡಿಯದವನೂ ಉಸಿರಿನ ಪರೀಕ್ಷೆಯಲ್ಲಿ ಸಿಕ್ಕಿಬೀಳಬಹುದು. ಹೊಸ ಕಾಗದ ಓದಿದವನಿಗೆ ಮಾತ್ರ ಇದು ತಿಳಿದಿರುತ್ತದೆ.

ಇಷ್ಟೊಂದು ಕಟ್ಟುನಿಟ್ಟು ಏಕೆ ಎಂದು ಕೇಳುವವರಿಗೆ ನಾನು ನಮ್ಮ ಕರಾವಳಿಯ ದುಃಖವನ್ನು ನೆನಪಿಸುತ್ತೇನೆ. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಮಂಗಳೂರಿಗೆ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ರನ್‌ವೇ ದಾಟಿ ಕಮರಿಗೆ ಉರುಳಿತು. ಅದರಲ್ಲಿದ್ದ 166 ಮಂದಿಯಲ್ಲಿ 158 ಮಂದಿ ಪ್ರಾಣ ಕಳೆದುಕೊಂಡರು. ಗಲ್ಫ್‌ನಲ್ಲಿ ದುಡಿದು ಮನೆಗೆ ಮರಳುತ್ತಿದ್ದವರು, ಅವರ ಮಕ್ಕಳು, ವೃದ್ಧ ತಂದೆತಾಯಿಗಳು ಅದರಲ್ಲಿದ್ದರು. ತನಿಖಾ ನ್ಯಾಯಾಲಯ ಹೇಳಿದ ನೇರ ಕಾರಣ ಇದು: ವಿಮಾನ ಇಳಿಯಬೇಕಾದ ರೀತಿಯಲ್ಲಿ ಸ್ಥಿರವಾಗಿ ಬರುತ್ತಿರಲಿಲ್ಲ, ಸಹಪೈಲಟ್ ಮೂರು ಬಾರಿ ‘ಗೋ ಅರೌಂಡ್’, ಅಂದರೆ ಇಳಿಯದೆ ಮತ್ತೆ ಮೇಲೇರಿ ಎಂದು ಹೇಳಿದರು, ಎಚ್ಚರಿಕೆಯ ಯಂತ್ರವೂ ಕೂಗಿತು, ಆದರೂ ಕ್ಯಾಪ್ಟನ್ ಇಳಿಸುವುದನ್ನು ಮುಂದುವರಿಸಿದರು.

ಕಡತ ಜೋಡಿಸಿದ್ದರೆ ಆ ಅಪಘಾತ ತಪ್ಪುತ್ತಿತ್ತು ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳುವುದು ಸರಿಯೂ ಅಲ್ಲ. ನಿಯಮ ಪುಸ್ತಕದಲ್ಲಿತ್ತು, ಬಾಯಲ್ಲೂ ಬಂತು, ಪಾಲನೆಯಾಗಲಿಲ್ಲ. ಇದರಿಂದ ನಾವು ಕಲಿಯಬೇಕಾದುದು ಒಂದಿದೆ. ಅಸ್ಥಿರವಾಗಿ ಬರುತ್ತಿರುವಾಗ ಇಳಿಯಬಾರದು ಎಂಬುದು ಬಾಯಿಪಾಠದ ನಿಯಮ. ಅದನ್ನು ಆ ಕ್ಷಣದಲ್ಲಿ ಚರ್ಚಿಸಲು ಆಗದು. ಅದು ಎಷ್ಟು ಆಳವಾಗಿ ರಕ್ತಗತವಾಗಿರಬೇಕೆಂದರೆ, ಎದುರಿಗೆ ಎಷ್ಟೇ ಅನುಭವಿ ಹಿರಿಯರಿದ್ದರೂ ಕಿರಿಯನು ಧೈರ್ಯವಾಗಿ ಹೇಳಬೇಕು, ಹಿರಿಯನು ಅಭಿಮಾನ ಬದಿಗಿಟ್ಟು ಕೇಳಬೇಕು. ‘ನನಗನ್ನಿಸುತ್ತದೆ’ ಎಂದು ಹೇಳುವವನ ಧ್ವನಿಗೂ ‘ನಿಯಮದಲ್ಲಿ ಹೀಗಿದೆ’ ಎಂದು ಹೇಳುವವನ ಧ್ವನಿಗೂ ವ್ಯತ್ಯಾಸವಿದೆ. ಆ ಎರಡನೆಯ ಧ್ವನಿ ಬರುವುದು ಮೂಲವನ್ನು ತಾನೇ ತೆರೆದು ಓದಿದವನಿಗೆ. ಯಾರದೋ ಜೆರಾಕ್ಸ್ ನಂಬಿದವನಿಗೆ ಅದು ಬರುವುದಿಲ್ಲ.

ಪೋಷಕರಿಗೂ ಒಂದು ಮಾತು. ಈ ತರಬೇತಿಗೆ ಲಕ್ಷಗಟ್ಟಲೆ ಹಣ ಬೇಕು. ತಂದೆಯ ವಿದೇಶದ ದುಡಿಮೆ, ತಾಯಿಯ ಬಂಗಾರ, ಬ್ಯಾಂಕಿನ ಸಾಲ ಎಲ್ಲವೂ ಅದಕ್ಕೆ ಹೋಗುತ್ತದೆ. ‘ಎಷ್ಟು ಗಂಟೆ ಹಾರಿದೆ?’ ಎಂದು ನೀವು ಮಕ್ಕಳನ್ನು ಫೋನಿನಲ್ಲಿ ಕೇಳುತ್ತೀರಿ. ಅದರ ಜೊತೆಗೆ ‘ಮೆಡಿಕಲ್ ಯಾವಾಗ ಮುಗಿಯುತ್ತದೆ? ಲಾಗ್‌ಬುಕ್ ತುಂಬಿದ್ದೀಯಾ? ರಸೀದಿ ಎಲ್ಲಿಟ್ಟಿದ್ದೀಯ?’ ಎಂದೂ ಕೇಳಿ. ಹಾರಾಟದಲ್ಲಿ ಚುರುಕಾಗಿದ್ದೂ ಒಂದು ಕಾಗದದ ಅವಧಿ ಮುಗಿದುದರಿಂದ ತಿಂಗಳುಗಟ್ಟಲೆ ಕುಳಿತುಬಿಟ್ಟವರನ್ನು ನಾನು ಕಂಡಿದ್ದೇನೆ. ಕುಳಿತ ದಿನಗಳಿಗೂ ಹಾಸ್ಟೆಲ್ ಬಾಡಿಗೆ ಕೊಡಬೇಕು, ಸಾಲದ ಬಡ್ಡಿಯೂ ಓಡುತ್ತಿರುತ್ತದೆ.

ಕೊನೆಯದಾಗಿ ನಮ್ಮ ಸಂಘಕ್ಕೆ ಒಂದು ಕೋರಿಕೆ. ನಮ್ಮ ಗ್ರಂಥಾಲಯದಲ್ಲಿ ವಿಮಾನಯಾನಕ್ಕೆಂದು ಒಂದು ಕಪಾಟು ಮತ್ತು ಒಂದು ಕಂಪ್ಯೂಟರ್ ಇಡೋಣ. ಪುಸ್ತಕ ದಾನ ಕೊಡುವವರು ಹಳೆಯ ಪುಸ್ತಕವನ್ನೇ ಕೊಟ್ಟರೂ ಸರಿ, ಅದರ ಮೇಲೆ ವರ್ಷವನ್ನು ದೊಡ್ಡದಾಗಿ ಬರೆದಿಡೋಣ. 28 ದಿನಕ್ಕೊಮ್ಮೆ ಆ ಗುರುವಾರದಂದು ತರಬೇತಿಯಲ್ಲಿರುವ ಒಬ್ಬ ವಿದ್ಯಾರ್ಥಿ, ಊರಲ್ಲಿದ್ದರೆ ಇಲ್ಲೇ ಬಂದು, ದೂರದಲ್ಲಿದ್ದರೆ ಫೋನಿನಲ್ಲೇ ತಿಳಿಸಿ, ರಿಜಿಸ್ಟರ್‌ನಲ್ಲಿ ಸಹಿ ಹಾಕಿಸಲಿ. ಮುಂದಿನ ವರ್ಷ ಪಿಯುಸಿ ಮುಗಿಸಿ ಬರುವ ಹುಡುಗ ಅಥವಾ ಹುಡುಗಿ, ತಾರೀಕಿಲ್ಲದ ಜೆರಾಕ್ಸ್ ಕಟ್ಟಿನಿಂದ ಓದು ಆರಂಭಿಸುವ ಸ್ಥಿತಿ ಬರದಿರಲಿ. ಇಂಗ್ಲಿಷ್ ಪದಗಳಿಗೆ ಕನ್ನಡದಲ್ಲಿ ಅರ್ಥ ಬರೆದ ಒಂದು ಪಟ್ಟಿಯೂ ಅಲ್ಲಿರಲಿ. ಅದರ ಮೊದಲ ಪ್ರತಿಯನ್ನು ಸಿದ್ಧಪಡಿಸಿಕೊಡುವ ಜವಾಬ್ದಾರಿಯನ್ನು ನಾನೇ ಹೊರುತ್ತೇನೆ.

ವಿದ್ಯಾರ್ಥಿ ಮಿತ್ರರೇ, ನೀವು ಪೈಲಟ್ ಆಗದಿರಬಹುದು. ವೈದ್ಯರೋ ವಕೀಲರೋ ಲೆಕ್ಕಪರಿಶೋಧಕರೋ ಆಗಬಹುದು. ಎಲ್ಲ ವೃತ್ತಿಗಳಲ್ಲೂ ಈ ಎರಡು ಬಗೆಯ ತಿಳಿವಳಿಕೆ ಇದ್ದೇ ಇರುತ್ತದೆ. ಯಾವುದು ತಕ್ಷಣ ನೆನಪಿಗೆ ಬರಬೇಕು, ಯಾವುದನ್ನು ನೋಡಿಯೇ ಹೇಳಬೇಕು ಎಂಬುದನ್ನು ಇಂದಿನಿಂದಲೇ ನಿಮ್ಮ ಓದಿನ ಮೇಜಿನ ಮೇಲೆ ವಿಂಗಡಿಸಲು ಆರಂಭಿಸಿ.